ಬ್ಯಾಟರಿ ಬಾಡಿಗೆಯ ವಿಡಾ ವಿಎಕ್ಸ್2 ಗೋ: ಕರಾವಳಿಗೆ ಸೈ, ಘಟ್ಟಕ್ಕೆ ಬೇಡ

2025ರ ಜುಲೈ 1ರಂದು ಬಿಡುಗಡೆಯಾದ ಹೀರೋ ಕಂಪನಿಯ ವಿಡಾ ವಿಎಕ್ಸ್2 ಗೋ ವಿದ್ಯುತ್ ಸ್ಕೂಟರಿಗೆ ಎರಡು ಬೆಲೆ. ಬ್ಯಾಟರಿ ಸಮೇತ ಕೊಂಡರೆ 99,490 ರೂಪಾಯಿ. ಬ್ಯಾಟರಿಯನ್ನು ಬಾಡಿಗೆಗೆ ಪಡೆದರೆ 59,490, ಜೊತೆಗೆ ಓಡಿಸಿದ ಪ್ರತಿ ಕಿಲೋಮೀಟರಿಗೆ 96 ಪೈಸೆ. ಇವು ಬಿಡುಗಡೆ ಹೊತ್ತಿನ ಎಕ್ಸ್-ಶೋರೂಂ ದರಗಳು. ಯಾವುದು ಲಾಭ ಎಂಬುದಕ್ಕೆ ಉತ್ತರ ನಿಮ್ಮ ದಿನದ ಓಡಾಟದಲ್ಲಿದೆ, ಶೋರೂಮಿನವರ ಮಾತಿನಲ್ಲಲ್ಲ.

ಎರಡು ಬೆಲೆಗಳ ನಡುವಿನ ಅಂತರ 40,000 ರೂಪಾಯಿ. ಅದನ್ನು 96 ಪೈಸೆಯಿಂದ ಭಾಗಿಸಿದರೆ ಸುಮಾರು 41,600 ಕಿ.ಮೀ. ಬರುತ್ತದೆ. ಕಾರವಾರದೊಳಗೆ, ಕಾಜುಬಾಗದಿಂದ ಪೇಟೆಗೆ, ಹೆಚ್ಚೆಂದರೆ ಕಾಳಿ ಸೇತುವೆ ದಾಟಿ ಸದಾಶಿವಗಡಕ್ಕೆ ಎಂದು ದಿನಕ್ಕೆ 15 ಕಿ.ಮೀ. ಓಡಿಸುವವರಿಗೆ ಅಷ್ಟು ದೂರ ಮುಗಿಯಲು ಏಳೂವರೆ ವರ್ಷ ಬೇಕು. ಅಲ್ಲಿಯವರೆಗೆ ಬ್ಯಾಟರಿ ಹಳತಾಗುವ ಚಿಂತೆ ಕಂಪನಿಯದು. ಇಂಥವರು ಬಾಡಿಗೆಗೆ ಹೋಗುವುದೇ ಸರಿ. ತದಡಿಯಿಂದ ಮೀನು ತಂದು ಮನೆಮನೆಗೆ ಮಾರುವವರದು, ಕೊರಿಯರ್ ಹಂಚುವವರದು ದಿನಕ್ಕೆ 50 ಕಿ.ಮೀ. ಓಟ. ಎರಡೂಕಾಲು ವರ್ಷದಲ್ಲಿ ಅವರು ಆ ಗಡಿ ದಾಟುತ್ತಾರೆ, ಆಮೇಲೆ ಕೊಡುವ ಒಂದೊಂದು ಪೈಸೆಯೂ ಹೆಚ್ಚಿನದು. 40,000ಕ್ಕೆ ಸಾಲದ ಬಡ್ಡಿ ಸೇರಿಸಿದರೆ ಗಡಿ ಇನ್ನೊಂದಷ್ಟು ಮುಂದೆ ಸರಿಯುತ್ತದೆ, ಆದರೆ ತೀರ್ಮಾನ ಬದಲಾಗದು. ಕಡಿಮೆ ಬೆಲೆಯ ಆಸೆಗೆ ಬಾಡಿಗೆಯತ್ತ ಮೊದಲು ವಾಲುವವರೂ ಕೈಯಲ್ಲಿ ದುಡ್ಡು ಕಡಿಮೆ ಇರುವ ಇವರೇ. ಬೇಸರದ ಸಂಗತಿ ಇದು.

ಈ ಬಾಡಿಗೆ ವ್ಯವಸ್ಥೆ ಯಾಕೆ ಬಂತು ಎಂದು ನೋಡಿದರೆ ಸಬ್ಸಿಡಿಯ ಕಥೆ ಅರ್ಥವಾಗುತ್ತದೆ. ವಿದ್ಯುತ್ ವಾಹನಗಳಿಗೆ ಕೇಂದ್ರ ಸರಕಾರ ಸಬ್ಸಿಡಿ ಕೊಡುತ್ತಿದ್ದ ಫೇಮ್-2 ಯೋಜನೆಯಲ್ಲಿ 2021ರ ಜೂನ್‌ನಿಂದ 2023ರ ಮೇವರೆಗೆ ಬ್ಯಾಟರಿಯ ಪ್ರತಿ ಕಿಲೋವಾಟ್-ಅವರ್‌ಗೆ 15,000 ರೂಪಾಯಿ ಸಿಗುತ್ತಿತ್ತು (ಒಂದು ಕಿಲೋವಾಟ್-ಅವರ್ ಎಂದರೆ ಒಂದು ಯೂನಿಟ್ ವಿದ್ಯುತ್). ಗೋದಲ್ಲಿರುವಂಥ 2.2 ಕಿಲೋವಾಟ್-ಅವರ್ ಬ್ಯಾಟರಿಗೆ 33,000. 2023ರ ಜೂನ್‌ನಲ್ಲಿ ಅದು 10,000ಕ್ಕೆ ಇಳಿಯಿತು, 2024ರಲ್ಲಿ 5,000ಕ್ಕೆ. ಆಮೇಲೆ ಬಂದ ಪಿಎಂ ಇ-ಡ್ರೈವ್ ಯೋಜನೆಯಡಿ 2025ರ ಏಪ್ರಿಲ್‌ನಿಂದ 2,500, ಅದೂ ಒಂದು ಗಾಡಿಗೆ 5,000 ಮೀರದಂತೆ. ಅಂದರೆ 33,000 ಇದ್ದದ್ದು 5,000ಕ್ಕೆ ಬಂತು. ಸರಕಾರ ಬಿಟ್ಟ ಆ ಜಾಗವನ್ನು ಕಂಪನಿ ಬಾಡಿಗೆಯಿಂದ ತುಂಬುತ್ತಿದೆ. ಇದರ ಮೇಲೆ, 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಪೆಟ್ರೋಲ್ ದ್ವಿಚಕ್ರ ವಾಹನಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ವಿದ್ಯುತ್ ವಾಹನಕ್ಕೆ ಮೊದಲಿನಂತೆ ಶೇ. 5. ಹಾಗಾಗಿ ತೆರಿಗೆಯ ಅಂತರ ಕಿರಿದಾಯಿತು.

ಓಡಿಸುವ ಖರ್ಚಿನಲ್ಲಿ ಮಾತ್ರ ಪೆಟ್ರೋಲ್ ಈಗಲೂ ಹತ್ತಿರ ಬರುವುದಿಲ್ಲ. ಲೀಟರಿಗೆ 45 ಕಿ.ಮೀ. ಕೊಡುವ ಸ್ಕೂಟರಿಗೆ ಕಿಲೋಮೀಟರಿಗೆ 2 ರೂಪಾಯಿ 30 ಪೈಸೆಯಾದರೂ ಬೀಳುತ್ತದೆ. ಗೋಗೆ, ಚಾರ್ಜರಿನ ನಷ್ಟ ಸೇರಿ ಕಿಲೋಮೀಟರಿಗೆ 35 ವಾಟ್-ಅವರ್ ಹಿಡಿದು, ಯೂನಿಟ್ಟಿಗೆ 6 ರೂಪಾಯಿ ಎಂದರೂ 21 ಪೈಸೆ. ಬಾಡಿಗೆ ಕೂಡಿಸಿದರೆ 1 ರೂಪಾಯಿ 17 ಪೈಸೆ.

ಗೃಹಜ್ಯೋತಿ ಇರುವ ಮನೆಯವರು ಇಲ್ಲಿ ಒಂದು ಲೆಕ್ಕ ಹಾಕಲೇಬೇಕು. ದಿನಕ್ಕೆ 15 ಕಿ.ಮೀ. ಓಡಿಸಿದರೆ ತಿಂಗಳಿಗೆ ಸುಮಾರು 16 ಯೂನಿಟ್ ಹೆಚ್ಚಾಗುತ್ತದೆ. ನಿಮ್ಮ ಉಚಿತ ಮಿತಿ ನಿಂತಿರುವುದು ಹಳೆಯ ಸರಾಸರಿ ಬಳಕೆಯ ಮೇಲೆ, ಹಾಗಾಗಿ ಮಿತಿ ಮೀರಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು. ಅದು ನೂರು ರೂಪಾಯಿ ಆಸುಪಾಸು, ತಡೆದುಕೊಳ್ಳಬಹುದು. ಆದರೆ ಈಗಾಗಲೇ 190 ಯೂನಿಟ್ ಸುಡುತ್ತಿರುವ ಮನೆ 206ಕ್ಕೆ ಹೋದರೆ 200ರ ಗಡಿ ದಾಟಿ, ಆ ತಿಂಗಳ ಇಡೀ ಬಿಲ್ ನಿಮ್ಮ ತಲೆಗೇ. ಕೊಳ್ಳುವ ಮೊದಲು ಹೆಸ್ಕಾಂನ ಹಿಂದಿನ ಹನ್ನೆರಡು ಬಿಲ್ ತೆಗೆದು, ಏಪ್ರಿಲ್-ಮೇ ತಿಂಗಳದ್ದನ್ನು ಮುಖ್ಯವಾಗಿ ನೋಡಿ.

ಇನ್ನು ದೂರ. ಕಂಪನಿ ಹೇಳುವ ಐಡಿಸಿ ರೇಂಜ್, ಅಂದರೆ ಪರೀಕ್ಷೆಯಲ್ಲಿ ಒಂದು ಚಾರ್ಜಿಗೆ ಓಡಿದ ದೂರ, 92 ಕಿ.ಮೀ. ರಸ್ತೆಯಲ್ಲಿ 65ರಿಂದ 70 ಎಂದು ಹಿಡಿಯಿರಿ. ಕಾರವಾರ-ಅಂಕೋಲಾ ಹೋಗಿಬರುವುದಕ್ಕೇ ಸರಿಸುಮಾರು ಅಷ್ಟಾಗುತ್ತದೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಲಾರಿಗಳ ವೇಗಕ್ಕೆ ಹೊಂದಿಕೊಂಡು ಓಡಿಸಿದರೆ ಇನ್ನೂ ಕಡಿಮೆ. ಅಂಕೋಲಾದಲ್ಲಿ ಪ್ಲಗ್ ಸಿಗುವ ಖಾತ್ರಿ ಇಲ್ಲದೆ ಹೊರಡಬೇಡಿ.

ಘಟ್ಟದ ಲೆಕ್ಕ ಇನ್ನೂ ಕಠಿಣ. ಕುಮಟಾದಿಂದ ಶಿರಸಿಗೆ ಸುಮಾರು 60 ಕಿ.ಮೀ. ಶಿರಸಿ ಇರುವುದು ಸಮುದ್ರಮಟ್ಟದಿಂದ 590 ಮೀಟರ್ ಆಸುಪಾಸಿನಲ್ಲಿ, ಏರಿನ ಬಹುಪಾಲು ದೇವಿಮನೆ ಘಟ್ಟದಲ್ಲಿ. ಸ್ಕೂಟರು, ಇಬ್ಬರು ಜನ, ಒಂದು ಚೀಲ ಸೇರಿ 260 ಕೆ.ಜಿ. ಎಂದುಕೊಂಡರೆ, ಅಷ್ಟು ಭಾರವನ್ನು ಅಷ್ಟೆತ್ತರ ಎತ್ತುವುದಕ್ಕೇ ಮೋಟಾರಿನ ನಷ್ಟ ಸೇರಿ ಅರ್ಧ ಯೂನಿಟ್ ಬೇಕು. ದೂರಕ್ಕೆ 1.8 ಯೂನಿಟ್. ಒಟ್ಟು 2.3, ಇರುವ ಬ್ಯಾಟರಿ 2.2. ಮುಟ್ಟುವುದಿಲ್ಲ. ಘಟ್ಟ ಹತ್ತಿಳಿಯುವವರು ಎರಡು ಬ್ಯಾಟರಿಯ, 3.4 ಕಿಲೋವಾಟ್-ಅವರ್‌ನ ವಿಎಕ್ಸ್2 ಪ್ಲಸ್ ನೋಡಬೇಕು. ಇಳಿಯುವಾಗಲೂ ಒಂದು ಎಚ್ಚರ ಬೇಕು: ಮೇಲೆ ಪೂರ್ತಿ ಚಾರ್ಜ್ ಮಾಡಿಕೊಂಡು ಹೊರಟರೆ ತುಂಬಿದ ಬ್ಯಾಟರಿ ಮೋಟಾರಿನಿಂದ ಮರಳುವ ವಿದ್ಯುತ್ತನ್ನು ತೆಗೆದುಕೊಳ್ಳದು. ಆಗ ಇಡೀ ಭಾರ ಬ್ರೇಕಿನ ಮೇಲೆ. ಶಿರಸಿಯಿಂದ ಹೊರಡುವಾಗ ಶೇ. 85-90 ಇದ್ದರೆ ಸಾಕು.

ಈ ಗಾಡಿಯಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಹೇಳಿ ಮಾಡಿಸಿದ ಗುಣವೆಂದರೆ ಕಳಚಿ ಒಯ್ಯಬಹುದಾದ ಬ್ಯಾಟರಿ. ರಸ್ತೆಬದಿಗೆ ಗಾಡಿ ನಿಲ್ಲಿಸಿ, ಕಾಲುಸಂಕ ದಾಟಿ, ತೋಟದಂಚಿನ ಮನೆಗೆ ನಡೆಯುವವರಿಗೆ ಬೇರೆ ದಾರಿಯೇ ಇಲ್ಲ. ಬ್ಯಾಟರಿ ಹತ್ತು ಕೆ.ಜಿ.ಗೂ ಮೀರಿದ ಭಾರ, ವಯಸ್ಸಾದವರು ಅಂಗಡಿಯಲ್ಲೇ ಎತ್ತಿ ನೋಡಲಿ. ಆದರೆ ಇದೇ ಗುಣ ಉಪ್ಪುಗಾಳಿಯಲ್ಲಿ ತೊಂದರೆಯನ್ನೂ ತರುತ್ತದೆ. ಪ್ರತಿಸಲ ಕಳಚಿದಾಗ ಕನೆಕ್ಟರಿನ ಪಿನ್ನುಗಳು ಗಾಳಿಗೆ ತೆರೆದುಕೊಳ್ಳುತ್ತವೆ. ತಾಮ್ರದ ಮೇಲೆ ಹಸಿರು ಕಿಲುಬು ಕೂತರೆ ಅಲ್ಲಿ ರೋಧ ಹೆಚ್ಚಿ ಬಿಸಿಯಾಗುತ್ತದೆ, ಸುತ್ತಲಿನ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಮೊದಲ ಸೂಚನೆ ಕಂದು ಕಲೆ. ವಾರಕ್ಕೊಮ್ಮೆ ಒಣಬಟ್ಟೆಯಲ್ಲಿ ಒರೆಸಿ, ಮಳೆಗಾಲಕ್ಕೆ ಮುಂಚೆ ಸರ್ವಿಸಿನಲ್ಲಿ ತೇವ ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಹಾಕಿಸಿ. ಒದ್ದೆ ಜಗಲಿಯ ಮೇಲೆ ಬ್ಯಾಟರಿ ಇಡಬೇಡಿ, ಮೀನಿನ ಬುಟ್ಟಿಯ ಉಪ್ಪುನೀರು ಫುಟ್‌ಬೋರ್ಡಿಗೆ ಸೋರಲು ಬಿಡಬೇಡಿ.

ಚಾರ್ಜರು ಎಳೆಯುವುದು ಮಿಕ್ಸರಿನಷ್ಟೇ ಕರೆಂಟು, ಆದರೆ ಗಂಟೆಗಟ್ಟಲೆ. ಸಡಿಲ ಸಾಕೆಟ್ ಸುಡುವುದು ಅದಕ್ಕೇ. 16 ಆಂಪಿಯರ್ ಸಾಕೆಟ್ ಹಾಕಿಸಿ, ಅರ್ಥಿಂಗ್ ಪರೀಕ್ಷೆ ಮಾಡಿಸಿ. ಮೇ ತಿಂಗಳಲ್ಲಿ ಚಿರೆಕಲ್ಲಿನ ನೆಲ ಒಣಗಿದಾಗ ಅರ್ಥಿಂಗ್ ದುರ್ಬಲವಾಗುತ್ತದೆ, ಗುಂಡಿಗೆ ನೀರು ಹಾಕುತ್ತಿರಬೇಕು. ಸಿಡಿಲಿರುವಾಗ ಪ್ಲಗ್ ಕೀಳಿ. ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಘಟಕ, ಕದ್ರಾ, ಕೊಡಸಳ್ಳಿ, ಗೇರುಸೊಪ್ಪದಲ್ಲಿ ಅಣೆಕಟ್ಟು ಇಟ್ಟುಕೊಂಡ ಜಿಲ್ಲೆಯ ಲೈನ್ ತುದಿಯ ಮನೆಗಳಿಗೆ ಸಂಜೆ ಸರಿಯಾದ ವೋಲ್ಟೇಜ್ ಸಿಗದಿದ್ದರೆ ಅದು ಅನ್ಯಾಯ. ಅಂಥ ಕಡೆ ರಾತ್ರಿ ಹನ್ನೊಂದರ ನಂತರ ಚಾರ್ಜಿಗೆ ಹಾಕಿ, ಇನ್ವರ್ಟರಿನಿಂದ ಮಾತ್ರ ಬೇಡ.

ಸಹಿ ಹಾಕುವ ಮುನ್ನ ಬಾಡಿಗೆ ಒಪ್ಪಂದದಲ್ಲಿ ನಾಲ್ಕು ವಿಷಯ ಬರಹದಲ್ಲಿರಲಿ: ತಿಂಗಳಿಗೆ ಕನಿಷ್ಠ ಇಷ್ಟು ಕಿ.ಮೀ. ಎಂಬ ಷರತ್ತು ಇದೆಯೇ, ಬ್ಯಾಟರಿಯ ಸಾಮರ್ಥ್ಯ ಶೇಕಡಾ ಎಷ್ಟಕ್ಕೆ ಕುಸಿದರೆ ಬದಲಿಸಿಕೊಡುತ್ತಾರೆ, ಕಂತು ತಪ್ಪಿದರೆ ಗಾಡಿ ನಿಲ್ಲಿಸುತ್ತಾರೆಯೇ, ಮಾರುವಾಗ ಒಪ್ಪಂದ ಹೊಸ ಮಾಲೀಕರಿಗೆ ಹೋಗುತ್ತದೆಯೇ. ಕನಿಷ್ಠ ಓಟದ ಷರತ್ತು ದೊಡ್ಡದಿದ್ದರೆ ಮೇಲೆ ಹೇಳಿದ 15 ಕಿ.ಮೀ. ಲಾಭ ಅಲ್ಲಿಗೇ ಮುಗಿಯಿತು. ಬ್ಯಾಟರಿ ಅಥವಾ ಮೋಟಾರನ್ನು ನಿಯಂತ್ರಿಸುವ ಕಂಟ್ರೋಲರ್ ಕೆಟ್ಟರೆ ಕಾರವಾರದಲ್ಲೇ ಕೈಹಾಕುವವರಿದ್ದಾರೋ, ಹುಬ್ಬಳ್ಳಿಗೆ ಕಳಿಸುತ್ತಾರೋ ಎಂಬುದನ್ನು ಮಾರುವವರ ಬಳಿಯಲ್ಲ, ಸರ್ವಿಸ್ ಮೆಕ್ಯಾನಿಕ್ ಬಳಿ ಕೇಳಿ.