ಸೆಕ್ಷನ್ 8 ಬಾಡಿಗೆದಾರರೋ, ಸಾಮಾನ್ಯ ಬಾಡಿಗೆದಾರರೋ?

ಅಮೆರಿಕದಲ್ಲಿ ಮನೆ ಬಾಡಿಗೆಗೆ ಕೊಡುವವರ ಮೊದಲ ಚಿಂತೆ, ದುಡ್ಡು ತಿಂಗಳು ತಿಂಗಳು ಬರುತ್ತಾ ಅನ್ನೋದು. ಸೆಕ್ಷನ್ 8 ಎಂದರೆ ಕಡಿಮೆ ಆದಾಯದವರಿಗೆ ಬಾಡಿಗೆ ಕಟ್ಟಲು ಸರ್ಕಾರ ನೆರವಾಗುವ ಯೋಜನೆ; ಆ ನೆರವಿನ ಪತ್ರವೇ ವೋಚರ್. ವೋಚರ್ ಇದ್ದವರು ಸಾಮಾನ್ಯವಾಗಿ ಆದಾಯದ ಸುಮಾರು 30% ಕೊಡುತ್ತಾರೆ. ಉಳಿದದ್ದನ್ನು ಯೋಜನೆ ನಡೆಸುವ ಸ್ಥಳೀಯ ಸರ್ಕಾರಿ ಸಂಸ್ಥೆಯಾದ ಹೌಸಿಂಗ್ ಅಥಾರಿಟಿ ನೇರವಾಗಿ ಮಾಲೀಕರಿಗೇ ಕಟ್ಟುತ್ತದೆ. ಅವರ ಕೆಲಸ ಹೋದರೆ ಅವರ ಪಾಲು ಇಳಿದು ಅಥಾರಿಟಿಯ ಪಾಲು ಏರುತ್ತದೆ. ಸಾಮಾನ್ಯ ಬಾಡಿಗೆದಾರರ ಕೆಲಸ ಹೋದರೆ ಪೂರ್ತಿ ಬಾಡಿಗೆಯೇ ಅನುಮಾನ.

ಆದರೆ ಸಾಮಾನ್ಯ ಬಾಡಿಗೆದಾರರು ಮುಂದಿನ ವಾರವೇ ಬಂದುಬಿಡಬಹುದು. ವೋಚರ್ ಆದರೆ ಮೊದಲು ಮನೆಯ ತಪಾಸಣೆ. ಸ್ಮೋಕ್ ಅಲಾರಂ ಕೂಗದಿದ್ದರೂ ಫೇಲ್. ರಿಪೇರಿ ಮುಗಿಯುವ ತನಕ ಮನೆ ಖಾಲಿ. ಬಾಡಿಗೆ ಅಕ್ಕಪಕ್ಕದ ದರಕ್ಕೆ ಹೊಂದಬೇಕು, ಗುಟ್ಟಾಗಿ ಮೇಲೊಂದಿಷ್ಟು ಪಡೆದರೆ ನಿಯಮಭಂಗ.

ಹಿನ್ನೆಲೆ ವಿಚಾರಿಸುವ ಹಕ್ಕು ಎರಡರಲ್ಲೂ ಇದೆ. ಶುರುವಿನ ಕಾಯುವಿಕೆ ತಡೆಯುವವರಿಗೆ ನಾನು ವೋಚರ್ ಎನ್ನುತ್ತೇನೆ. ಅಂದಹಾಗೆ, ವೋಚರ್ ಇದೆ ಎಂಬ ಕಾರಣಕ್ಕೇ ಯಾರನ್ನೂ ಬೇಡ ಅನ್ನುವಂತಿಲ್ಲ ಎಂಬ ನಿಯಮ ಕ್ಯಾಲಿಫೋರ್ನಿಯಾದಲ್ಲಿ 2020ರಿಂದ ಇದೆ.