ಬಸ್ ಅಗಲ ನೋಡದೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳಬೇಡಿ

ಎನ್‌ವಿಡಿಯಾದ ಆರ್‌ಟಿಎಕ್ಸ್ 4060 ಟಿಐ, ಎಎಂಡಿಯ ಆರ್‌ಎಕ್ಸ್ 7700 ಎಕ್ಸ್‌ಟಿ, ಎರಡು ಕಾರ್ಡಿಗೂ ಜಿಡಿಡಿಆರ್6 ಮೆಮೊರಿನೇ, ಒಂದೊಂದು ಗೆರೆಗೆ ಸೆಕೆಂಡಿಗೆ 18 ಗಿಗಾಬಿಟ್ ವೇಗದ್ದು. ಆದ್ರೆ ಬಸ್, ಅಂದ್ರೆ ಚಿಪ್ಪಿಗೂ ಮೆಮೊರಿಗೂ ನಡುವೆ ಡೇಟಾ ಓಡಾಡೋ ದಾರಿ, ಅದರ ಅಗಲ ನೋಡಿ: ಎನ್‌ವಿಡಿಯಾದ್ದು 128 ಬಿಟ್, ಎಎಂಡಿಯದ್ದು 192. ಅಂದ್ರೆ ಸೆಕೆಂಡಿಗೆ 288 ಜಿಬಿ ಎದುರು 432 ಜಿಬಿ. ಎನ್‌ವಿಡಿಯಾದ್ದೇ 2020ರ 3060 ಟಿಐಯಲ್ಲೇ 448 ಇತ್ತು, ಇದು ಹಿಂದಕ್ಕೆ ಹೋದಂಗೆ ಅಲ್ವಾ? ಅದನ್ನು ಸರಿದೂಗಿಸೋಕೆ 4060 ಟಿಐಯ ಚಿಪ್‌ನೊಳಗೇ 32 ಎಂಬಿ ಎಲ್2 ಕ್ಯಾಶ್ (ಪುಟ್ಟ, ಬಲು ವೇಗದ ಮೆಮೊರಿ) ಇಟ್ಟಿದ್ದಾರೆ. 1080ಪಿ ರೆಸಲ್ಯೂಷನ್‌ನಲ್ಲಿ ಬೇಕಾದ ಡೇಟಾ ಜಾಸ್ತಿ ಅಲ್ಲೇ ಸಿಗುತ್ತದೆ, ಆದ್ರೆ ರೆಸಲ್ಯೂಷನ್ ಏರಿದಂತೆ ಕ್ಯಾಶ್ ಸಾಲದೆ ಪದೇಪದೇ ಮೆಮೊರಿಗೆ ಓಡಬೇಕು, ಆಗ ಆ ಸಣ್ಣ ಬಸ್ ಗಲ್ಲಿಯೊಳಗೆ ಲಾರಿ ನುಗ್ಗಿದಂಗೆ. ಎಎಂಡಿ 48 ಎಂಬಿ ಇನ್ಫಿನಿಟಿ ಕ್ಯಾಶ್ ಜೊತೆಗೆ 12 ಜಿಬಿ ಮೆಮೊರಿನೂ ಕೊಟ್ಟಿದೆ. ಎಎಂಡಿ ಕಾರ್ಡ್ ಕರೆಂಟ್ ಮಾತ್ರ ಜಾಸ್ತಿ ಕುಡಿಯುತ್ತದೆ, 245 ವ್ಯಾಟ್. ಎನ್‌ವಿಡಿಯಾಗೆ 160 ಸಾಕು. ರೇ ಟ್ರೇಸಿಂಗ್ (ನಿಜದಂಥ ಬೆಳಕು-ನೆರಳು), ಡಿಎಲ್‌ಎಸ್‌ಎಸ್ (ಎಐನಿಂದ ಚಿತ್ರ ಹಿಗ್ಗಿಸೋ ಎನ್‌ವಿಡಿಯಾ ತಂತ್ರ) ಬೇಕಿದ್ದರೆ ಎನ್‌ವಿಡಿಯಾನೇ ಸರಿ. 1440ಪಿ ಆಡುವವನಿಗೆ ನಾನಂತೂ 7700 ಎಕ್ಸ್‌ಟಿ ಅಂತೀನಿ.