ಊರಲ್ಲೇ ಮಾಡಿಸಿದ ಸೋಲಾರ್ ಟ್ಯಾಂಕ್ ಇದ್ದರೆ ಮೊದಲು ಏರ್ ವೆಂಟ್ ನೋಡಿ

ರೇಷ್ಮೆ ಬಿಚ್ಚುವ ಶೆಡ್ಡಿಗೆ ಬಿಸಿನೀರು ಬೇಕು ಅಂತ ವೆಲ್ಡಿಂಗ್ ಅಂಗಡಿಯಲ್ಲಿ ಸೋಲಾರ್ ಮಾಡಿಸಿದ್ದೀರಾ? ಹಾಗಾದರೆ ಟ್ಯಾಂಕಿನ ತಲೆಯ ಮೇಲೆ ನಿಂತಿರುವ ಗಾಳಿ ಪೈಪ್, ಅಂದರೆ ಏರ್ ವೆಂಟ್, ತೆರೆದಿದೆಯಾ ಅಂತ ಇವತ್ತೇ ನೋಡಿ. ಅದಕ್ಕೆ ಕ್ಯಾಪ್ ಹಾಕಿದ್ದರೆ ಅಥವಾ ವಾಲ್ವ್ ಕೂರಿಸಿದ್ದರೆ ನಿಮ್ಮ ಶೆಡ್ಡಿನ ಮೇಲೆ ಬಾಯಿ ಮುಚ್ಚಿದ ಬಾಯ್ಲರ್ ಇದೆ ಅಂತ ಅರ್ಥ. ನಮ್ಮ ಶಿಡ್ಲಘಟ್ಟದ ಶೆಡ್ಡಿನಲ್ಲಿ ಹೀಗೇ ಆಗಿ, ನಮ್ಮಲ್ಲಿ ಕೆಲಸ ಮಾಡುವ ಅಕ್ಕ ಒಬ್ಬರ ತೋಳು, ಭುಜ ಬೆಂದುಹೋಯಿತು.

ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳಿಗೆ ಸೋಲಾರ್ ಯಾಕೆ ಬೇಕು ಅಂತ ಹೇಳಬೇಕಾಗಿಲ್ಲ. ಗೂಡು ಬೇಯಿಸುವ ನೀರು ಹೆಚ್ಚುಕಡಿಮೆ ಕುದಿಯುತ್ತಲೇ ಇರಬೇಕು. ಬೆಳಗ್ಗೆಯಿಂದ ಸಂಜೆವರೆಗೆ ಸೌದೆ ಉರಿಯುತ್ತದೆ, ಹೊಗೆ ಕುಡಿಯುವವರು ಬೇಸಿನ್ (ನೂಲು ಎಳೆಯುವ ಬಿಸಿನೀರಿನ ತೊಟ್ಟಿ) ಮುಂದೆ ಕೂತ ಹೆಂಗಸರು. 25 ಡಿಗ್ರಿ ಇರುವ ಬೋರ್‌ವೆಲ್ ನೀರನ್ನು ಬಿಸಿಲಲ್ಲೇ 60ಕ್ಕೆ ತಂದು ಆಮೇಲೆ ಒಲೆಗೆ ಕೊಟ್ಟರೆ, ಕುದಿ ಬರಿಸಲು ಬೇಕಾದ ಸೌದೆಯಲ್ಲಿ ಸುಮಾರು ಅರ್ಧ ಉಳಿಯುತ್ತದೆ. ಕುದಿ ಹಿಡಿದಿಡುವ ಸೌದೆ ಬೇರೆ, ಅದು ಬೇಕೇ ಬೇಕು. ಆದರೂ ಉಳಿತಾಯ ಸಣ್ಣದಲ್ಲ. ಯೋಚನೆ ಒಳ್ಳೆಯದೇ, ಈಗಲೂ ನಾನು ಸೋಲಾರ್ ಬೇಡ ಅನ್ನುವುದಿಲ್ಲ.

ನಮಗೆ ಮಾಡಿಕೊಟ್ಟದ್ದು ಹೀಗಿತ್ತು. ಎಂಎಸ್, ಅಂದರೆ ಮಾಮೂಲಿ ಕಬ್ಬಿಣದ ಶೀಟು ಸುತ್ತಿ ಬೆಸೆದ 500 ಲೀಟರ್ ಟ್ಯಾಂಕ್. ಅಗಲ ಎರಡು ಅಡಿ, ಉದ್ದ ಆರಡಿ, ಎರಡೂ ತುದಿಗೆ ಚಪ್ಪಟೆ ಪ್ಲೇಟು. ಬಿಸಿಲು ಹೀರಿ ನೀರು ಕಾಯಿಸುವ ಗಾಜಿನ ವ್ಯಾಕ್ಯೂಮ್ ಟ್ಯೂಬ್‌ಗಳನ್ನು ಬೆಂಗಳೂರಿನಿಂದ ಬಿಡಿಯಾಗಿ ತಂದರು. ಇಷ್ಟು ದೊಡ್ಡ ಟ್ಯಾಂಕಿಗೆ ಸಾಮಾನ್ಯವಾಗಿ 50 ಟ್ಯೂಬ್ ಹಾಕುತ್ತಾರೆ. ಜಾಸ್ತಿ ಹಾಕಿದರೆ ಜಾಸ್ತಿ ಬಿಸಿ ಅಂತ ಇವರು 70 ಹಾಕಿದರು. ತಣ್ಣೀರು ಬರುವ ಲೈನಿಗೆ ಒಂದು ನಾನ್ ರಿಟರ್ನ್ ವಾಲ್ವ್, ಬಿಸಿನೀರು ಓವರ್‌ಹೆಡ್ ಟ್ಯಾಂಕಿಗೆ ವಾಪಸ್ ಹೋಗಬಾರದು ಅಂತ. ಕೆಳಗೆ ಬೇಸಿನ್ ತನಕ ಬಿಸಿನೀರಿನ ಲೈನ್ ಪೂರ್ತಿ ಮಾಮೂಲಿ ಪಿವಿಸಿ.

ಮೊದಲು ಏರ್ ವೆಂಟ್ ಇತ್ತು. ಆದರೆ ಗಿಡ್ಡ ಪೈಪ್. ಅದರ ಬಾಯಿ ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಕೆಳಗಿತ್ತು. ನೀರು ಬಿಟ್ಟ ದಿನವೇ ಅಲ್ಲಿಂದ ಸುರಿಯತೊಡಗಿತು. ಸುರಿಯದೆ ಇನ್ನೇನಾಗುತ್ತದೆ? ಮೇಲಿನ ಟ್ಯಾಂಕಿನ ನೀರು ತನ್ನ ಮಟ್ಟ ಹುಡುಕಿಕೊಂಡು ಬರುತ್ತದೆ. ಇನ್ನೆರಡು ಮೂರು ಅಡಿ ಪೈಪ್ ಏರಿಸಿದ್ದರೆ ಮುಗಿದಿತ್ತು. ಅಂಗಡಿಯವರು, "ಏನಿಲ್ಲ ಅಣ್ಣ, ಒಂದು ಕ್ಯಾಪ್ ತಿರುಗಿಸಿಬಿಡ್ತೀನಿ, ನಿಂತೋಗುತ್ತೆ" ಅಂದರು. ನಿಂತುಹೋಯಿತು. ನೀರೂ ನಿಂತಿತು, ಗಾಳಿಗೆ ದಾರಿಯೂ ನಿಂತಿತು.

ಕೆಲಸ ನಡೆಯುವ ದಿನಗಳಲ್ಲಿ ಏನೂ ತೊಂದರೆ ಕಾಣಲಿಲ್ಲ. ಇದನ್ನು ದಯವಿಟ್ಟು ಗಮನಿಸಿ. ಬೇಸಿನ್ನಿಗೆ ನೀರು ಬಿಡುತ್ತಾ ಇದ್ದಷ್ಟು ಹೊತ್ತು ಬಿಸಿನೀರು ಹೋಗಿ ತಣ್ಣೀರು ಬರುತ್ತದೆ, ಟ್ಯಾಂಕ್ ತಣ್ಣಗಾಗುತ್ತಾ ಇರುತ್ತದೆ. ಅಪಾಯ ಇರುವುದು ಶೆಡ್ಡಿಗೆ ರಜೆ ಇದ್ದಾಗ. 2025ರಲ್ಲಿ ಯುಗಾದಿ ಮಾರ್ಚ್ 30ಕ್ಕೆ, ರಂಜಾನ್ 31ಕ್ಕೆ, ಒಂದರ ಹಿಂದೆ ಒಂದು ಬಂದವಲ್ಲ. ಹಿಂದೂಗಳು, ಮುಸ್ಲಿಮರು ಎಲ್ಲರ ಮನೆಯಲ್ಲೂ ಹಬ್ಬ. ನಲ್ಲಿ ಮುಟ್ಟುವವರಿಲ್ಲ. ಬಿಸಿಲಿಗೆ ರಜೆ ಇಲ್ಲ. ಮೊದಲ ದಿನದ ಶಾಖ ಟ್ಯಾಂಕಿನಲ್ಲೇ ಉಳಿಯಿತು, ಅದರ ಮೇಲೆ ಮರುದಿನದ ಬಿಸಿಲು ಬಿತ್ತು. ವ್ಯಾಕ್ಯೂಮ್ ಟ್ಯೂಬಿಗೆ ಸಾಕು ಅನ್ನುವುದು ಗೊತ್ತಿಲ್ಲ. ಒಳಗೆ ನೀರಿಲ್ಲದ ಟ್ಯೂಬ್ ಬಿಸಿಲಲ್ಲಿ 200 ಡಿಗ್ರಿ ದಾಟುತ್ತದೆ.

ನೀರು ಕಾದರೆ ಹಿಗ್ಗುತ್ತದೆ. 500 ಲೀಟರ್ ತಣ್ಣೀರು ಕುದಿಯುವ ಹಂತಕ್ಕೆ ಬರುವಷ್ಟರಲ್ಲಿ ಸುಮಾರು 20 ಲೀಟರ್ ಹೆಚ್ಚಾಗುತ್ತದೆ. ಅದು ಹೋಗುವುದೆಲ್ಲಿಗೆ? ಮೇಲೆ ಕ್ಯಾಪ್, ಹಿಂದೆ ನಾನ್ ರಿಟರ್ನ್ ವಾಲ್ವ್, ಕೆಳಗೆ ಮುಚ್ಚಿದ ನಲ್ಲಿ. ತೆರೆದ ಪಾತ್ರೆಯಲ್ಲಾದರೆ ನಮ್ಮ ಊರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೆ ಕುದಿದು ಆವಿಯಾಗಿ ಹೋಗುತ್ತದೆ. ಮುಚ್ಚಿದ ಟ್ಯಾಂಕಿನಲ್ಲಿ ಕುದಿಯಲು ಜಾಗವಿಲ್ಲ, ಬಿಸಿ ಏರುತ್ತಲೇ ಹೋಗುತ್ತದೆ. ಮನೆಯ ಕುಕ್ಕರಿನೊಳಗೆ ನೀರು 120 ಡಿಗ್ರಿ ಹತ್ತಿರ ಹೋಗುವುದೂ ಹೀಗೆಯೇ. ಕುಕ್ಕರಿಗಾದರೆ ವಿಷಲ್ ಇದೆ, ಸೇಫ್ಟಿ ವಾಲ್ವ್ ಇದೆ. ನಮ್ಮ ಟ್ಯಾಂಕಿಗೆ ಎರಡೂ ಇರಲಿಲ್ಲ. ಆ ಕುಕ್ಕರಿನಷ್ಟೇ ಒತ್ತಡ ಎರಡು ಅಡಿ ಅಗಲದ ಚಪ್ಪಟೆ ಪ್ಲೇಟಿನ ಮೇಲೆ ಬಿದ್ದರೆ ಎರಡೂವರೆ ಟನ್ನಿಗಿಂತ ಜಾಸ್ತಿ ಭಾರ. ನಮ್ಮ ಟ್ಯಾಂಕಿನ ಒಂದು ತುದಿ ಉಬ್ಬಿತ್ತು. ಬೆಸುಗೆ ಹೇಗೋ ತಡೆದುಕೊಂಡಿತು. ಅದು ಬಿಟ್ಟಿದ್ದರೆ ಇವತ್ತು ಈ ಬರಹ ಬೇರೆ ಥರ ಇರುತ್ತಿತ್ತು.

ಬಿಟ್ಟದ್ದು ಪೈಪ್ ತಿರುಗುವ ಜಾಗದಲ್ಲಿದ್ದ ಪಿವಿಸಿ ಎಲ್ಬೋ. ಹಬ್ಬ ಮುಗಿದು, ಮಾರುಕಟ್ಟೆಯಿಂದ ಗೂಡು ಬಂದು, ಮಧ್ಯಾಹ್ನ ಅಕ್ಕ ಬೇಸಿನ್ನಿಗೆ ನೀರು ಬಿಡಲು ಮೇಲಿನ ವಾಲ್ವ್ ತಿರುಗಿಸಿದರು. ಮಾಮೂಲಿ ಪಿವಿಸಿ ಇರುವುದು ತಣ್ಣೀರಿಗೆ. 60 ಡಿಗ್ರಿ ದಾಟಿದರೆ ಅದು ಮೆತ್ತಗಾಗುತ್ತದೆ, ಅಂಟು ಹಿಡಿತ ಬಿಡುತ್ತದೆ. ಒತ್ತಡದ ನೀರು ಒಂದೇ ಸಲ ನುಗ್ಗಿ ಎಲ್ಬೋ ಕಿತ್ತುಬಂತು. ಹೊರಗೆ ಬಂದದ್ದು ನೀರು ಮಾತ್ರ ಅಲ್ಲ. ಅಷ್ಟು ಕಾದ ನೀರಿಗೆ ಗಾಳಿ ಸಿಕ್ಕ ಕೂಡಲೇ ಅದರಲ್ಲಿ ಒಂದು ಪಾಲು ಆವಿಯಾಗುತ್ತದೆ. ಒಂದು ಲೀಟರ್ ನೀರು ಆವಿಯಾದರೆ ಸಾವಿರದ ಆರುನೂರು ಲೀಟರಿಗೂ ಮೀರಿ ಹರಡುತ್ತದೆ. ಶೆಡ್ಡಿನಲ್ಲಿ ಎದುರಿನ ಮನುಷ್ಯ ಕಾಣಲಿಲ್ಲ. ಅಕ್ಕನ ಕೂಗು ಮಾತ್ರ ಕೇಳುತ್ತಿತ್ತು.

ಆಗ ಯಾರೋ ಟೂತ್‌ಪೇಸ್ಟ್ ತಂದರು, ಇನ್ಯಾರೋ ಅರಿಶಿನ ಅಂದರು. ಇವೆರಡನ್ನೂ ಹಚ್ಚಬೇಡಿ. ಪಕ್ಕದ ಶೆಡ್ಡಿನ ಹುಡುಗ ಅವರನ್ನು ತಣ್ಣೀರಿನ ನಲ್ಲಿ ಕೆಳಗೆ ಕೂರಿಸಿ ಬಳೆ ತೆಗೆಸಿದ. ಅದೇ ಸರಿ ಅಂತ ಆಮೇಲೆ ಡಾಕ್ಟರೂ ಹೇಳಿದರು. ಸುಟ್ಟ ಜಾಗದ ಮೇಲೆ 20 ನಿಮಿಷ ಹರಿಯುವ ತಣ್ಣೀರು ಬಿಡಬೇಕು. ಐಸ್ ಬೇಡ. ಕೈ ಊದಿಕೊಳ್ಳುವ ಮೊದಲೇ ಬಳೆ, ಉಂಗುರ ತೆಗೆಯಬೇಕು. ಚರ್ಮಕ್ಕೆ ಅಂಟಿದ ಬಟ್ಟೆ ಎಳೆಯಬಾರದು. ಪ್ರತಿ ಶೆಡ್ಡಿನಲ್ಲೂ ಬಿಸಿನೀರಿನ ಹತ್ತಿರವೇ ಒಂದು ತಣ್ಣೀರಿನ ನಲ್ಲಿ ಇರಲೇಬೇಕು.

ಚಿಕಿತ್ಸೆಯ ಖರ್ಚು, ಕೆಲಸವಿಲ್ಲದ ದಿನಗಳ ಕೂಲಿ ನಾವು ಕೊಟ್ಟೆವು. ಕೊಡಬೇಕಾದದ್ದೇ. ಅಂಗಡಿಯವರನ್ನು ಕರೆಸಿ ಕೇಳಿದರೆ, "ನೀವು ನೀರು ಬಳಸದೆ ಬಿಟ್ಟಿರಿ, ಅದಕ್ಕೇ ಹೀಗಾಯ್ತು" ಅಂದರು. ಈ ಮಾತು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಬಳಸದಿದ್ದರೆ ಸಿಡಿಯುವ ಸಾಮಾನನ್ನು ಜನ ಕೂತು ಕೆಲಸ ಮಾಡುವ ಜಾಗದ ತಲೆಯ ಮೇಲೆ ಇಡುತ್ತಾರಾ? ಹಬ್ಬ ಬರುತ್ತದೆ, ಸಾವು ನೋವು ಬರುತ್ತದೆ, ಮಾರುಕಟ್ಟೆಯಲ್ಲಿ ಗೂಡು ಸಿಗದ ದಿನ ಇರುತ್ತದೆ. ಸುಮ್ನೆ ಬಿಟ್ಟಾಗಲೂ ಅಪಾಯವಿಲ್ಲದೆ ಇರಬೇಕು, ಸೋಲಾರಿಗೆ ಮೊದಲ ಪರೀಕ್ಷೆಯೇ ಅದು.

ಇನ್ನೊಂದು ನಷ್ಟವೂ ಇತ್ತು, ಅದು ನಿಧಾನವಾಗಿ ತಿಳಿಯಿತು. ಎಂಎಸ್ ಟ್ಯಾಂಕ್ ಬಿಸಿನೀರಿಗೆ ಬೇಗ ತುಕ್ಕು ಹಿಡಿಯುತ್ತದೆ. ನೀರಿಗೆ ಕಬ್ಬಿಣ ಸೇರಿದರೆ ನೂಲಿಗೆ ಬಣ್ಣ ಹತ್ತುತ್ತದೆ. ನಮ್ಮ ನೂಲು ಮಂಕಾಗಿ, ರೇಟು ಇಳಿಯಿತು. ಸಾವಿರ ಅಡಿ ದಾಟಿದ ನಮ್ಮ ಬೋರ್‌ವೆಲ್‌ಗಳ ಗಡಸು ನೀರಿನಿಂದ ಟ್ಯೂಬಿನ ತಳದಲ್ಲಿ ಬಿಳಿ ಪುಡಿ ಕೂತಿದ್ದು ಬೇರೆ.

ಆಮೇಲೆ ತಿಳಿದವರನ್ನು ಕರೆಸಿ ಪೂರ್ತಿ ಬದಲಾಯಿಸಿದೆವು. ಸ್ಟೇನ್‌ಲೆಸ್ ಟ್ಯಾಂಕ್, ತುದಿಗಳಿಗೆ ಉಬ್ಬು ಡಿಶ್ ಎಂಡ್. ಏರ್ ವೆಂಟ್ ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ಹೋಗಿದೆ, ಅದರ ದಾರಿಯಲ್ಲಿ ಎಲ್ಲೂ ವಾಲ್ವ್ ಇಲ್ಲ. ಜೊತೆಗೆ ಒತ್ತಡ ಹೆಚ್ಚಾದರೆ ತಾನೇ ತೆರೆಯುವ ಒಂದು ಪ್ರೆಶರ್ ರಿಲೀಫ್ ವಾಲ್ವ್, ಅದರ ಬಾಯಿಗೆ ಪೈಪ್ ಕೊಟ್ಟು ಜನ ಓಡಾಡದ ಕಡೆ ನೆಲಕ್ಕೆ ಬಿಟ್ಟಿದ್ದಾರೆ. ಟ್ಯಾಂಕಿನಿಂದ ಇಳಿಯುವ ಲೈನ್ ಸ್ಟೀಲ್. ತಣ್ಣೀರು ಬೆರೆಸುವ ವಾಲ್ವ್ ಆದ ಮೇಲೆ ಮಾತ್ರ ಸಿಪಿವಿಸಿ (ಬಿಸಿನೀರಿನ ಪ್ಲಾಸ್ಟಿಕ್ ಪೈಪ್), ಯಾಕೆಂದರೆ ಅದೂ 93 ಡಿಗ್ರಿ ತನಕವೇ ತಡೆಯುತ್ತದೆ. ರಜೆ ಬಂದರೆ ಟ್ಯೂಬ್‌ಗಳ ಮೇಲೆ ಟಾರ್ಪಾಲು ಹೊದಿಸುತ್ತೇವೆ. ನೀರು ಖಾಲಿಯಾಗಿದ್ದರೆ ಬೆಳಗ್ಗೆ ಬಿಸಿಲು ಬರುವ ಮೊದಲೇ ತುಂಬಿಸುತ್ತೇವೆ. ಕಾದ ಖಾಲಿ ಟ್ಯೂಬಿಗೆ ತಣ್ಣೀರು ಬಿಟ್ಟರೆ ಗಾಜು ಒಡೆಯುತ್ತದೆ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ಅದೇ ಅಂಗಡಿಯವರು ಸುತ್ತಮುತ್ತ ಇನ್ನೂ ಕೆಲವು ಶೆಡ್ಡುಗಳಿಗೆ ಇದೇ ಥರ ಮಾಡಿಕೊಟ್ಟಿದ್ದಾರೆ. ಗೊತ್ತಿದ್ದವರಿಗೆ ನಾವೇ ಹೋಗಿ ಹೇಳಿ ಬಂದೆವು. ಚಿಂತಾಮಣಿ, ದೇವನಹಳ್ಳಿ ಹತ್ತಿರದ ವಿಜಯಪುರ ಕಡೆಗೂ ಹೋಗಿವೆಯಂತೆ, ಯಾರಿಗೆ ಅಂತ ತಿಳಿಯಲಿಲ್ಲ. ಎರಡೂ ತುದಿ ಚಪ್ಪಟೆ ಇರುವ ಟ್ಯಾಂಕ್, ಮೇಲಿನ ಗಿಡ್ಡ ಪೈಪಿಗೆ ಕ್ಯಾಪ್, ಕೆಳಗೆ ಪಿವಿಸಿ ಲೈನ್ ಕಂಡರೆ ಆ ಶೆಡ್ಡಿನವರಿಗೆ ತಿಳಿಸಿ.

ಆದರೆ ಅವಸರದಲ್ಲಿ ಕ್ಯಾಪ್ ಬಿಚ್ಚಲು ಹೋಗಬೇಡಿ. ಬಿಸಿಯಿದ್ದಾಗ ಬಿಚ್ಚಿದರೆ ನೀರು ನೇರ ಮುಖಕ್ಕೆ ಬರುತ್ತದೆ. ಮೊದಲು ಟ್ಯೂಬ್‌ಗಳಿಗೆ ಟಾರ್ಪಾಲು ಹೊದಿಸಿ. ಪೂರ್ತಿ ತಣ್ಣಗಾಗುವವರೆಗೆ ಬಿಡಿ, ಒಂದು ರಾತ್ರಿ ಸಾಲದು, ಎರಡು ಮೂರು ದಿನ ಆದರೂ ಪರವಾಗಿಲ್ಲ. ಅಲ್ಲಿಯವರೆಗೆ ಆ ಲೈನಿನ ಹತ್ತಿರ ಯಾರೂ ಕೂರುವುದು ಬೇಡ. ತಣ್ಣಗಾದ ಮೇಲೆ ಬೆಳಗಿನ ಹೊತ್ತು ಕೆಳಗಿನ ನಲ್ಲಿ ಸ್ವಲ್ಪವೇ ತೆರೆದು ಒತ್ತಡ ಇಳಿಸಿ. ಪೂರ್ತಿ ಖಾಲಿ ಮಾಡಬೇಡಿ, ಮೇಲೆ ದಾರಿ ಮುಚ್ಚಿರುವಾಗ ನೀರು ಹೊರಗೆ ಹೋದರೆ ಟ್ಯಾಂಕಿನ ಶೀಟು ಒಳಕ್ಕೆ ಕುಸಿಯಬಹುದು. ಆಮೇಲೆ ಪಕ್ಕಕ್ಕೆ ನಿಂತು, ಮುಖ ದೂರ ಇಟ್ಟು, ಕ್ಯಾಪನ್ನು ನಿಧಾನವಾಗಿ ಬಿಚ್ಚಿ. ಪೈಪ್ ಎತ್ತರ ಮಾಡಿಸುವ ತನಕ ಟಾರ್ಪಾಲು ತೆಗೆಯಬೇಡಿ.